ಶಿಕ್ಷಕನ ಫಲವು ಎಲ್ಲಿರುತ್ತದೆ?

ಒಕ್ಕಲು ಮಾಡುವವನು ಕಣದಲ್ಲಿ ರಾಶಿಯನ್ನು ಅಳೆದು ತನ್ನ ದುಡಿಮೆಯ ಫಲವನ್ನು ತಿಳಿದುಕೊಳ್ಳುತ್ತಾನೆ. ನೇಕಾರನು ನೇಯ್ದ ಬಟ್ಟೆಯನ್ನು ಮೊಳ ಹಾಕಿ ನೋಡುತ್ತಾನೆ. ಆದರೆ ಹುಡುಗರಿಗೆ ಕಲಿಸುವವನು ತನ್ನ ಫಲವನ್ನು ಯಾವ ಕೊಳಗದಿಂದ ಅಳೆಯಬೇಕು? ಹುಡುಗರು ಕಲಿತು ಊರು ಬಿಟ್ಟು ಹೋಗುತ್ತಾರೆ. ಅವನಾದರೋ ಅದೇ ಶಾಲೆಯಲ್ಲಿ ಮುದುಕನಾಗುತ್ತಾನೆ. ಈ ಪ್ರಶ್ನೆಯನ್ನು ವಿಚಾರಿಸುವದಕ್ಕೆ, ಆಟಗಳನ್ನು ಕಲಿಸುವದರಲ್ಲಿಯೇ ತಮ್ಮ ಆಯುಷ್ಯವನ್ನು ಕಳೆದ ಅಮೇರಿಕ ದೇಶದ ಒಬ್ಬರ ಚರಿತ್ರೆಯನ್ನು ನೋಡೋಣ.

ಎಡ್ಡಿ ರಾಬಿನ್ಸನ್ ಎಂಬವರು 1919ರಲ್ಲಿ ಲೂಯಿಸಿಯಾನ ಸಂಸ್ಥಾನದಲ್ಲಿ ಹುಟ್ಟಿದರು. ತಂದೆಯು ಪರರ ಹೊಲವನ್ನು ಪಾಲಿಗೆ ಮಾಡುವವನು. ತಾಯಿಯು ಪರರ ಮನೆಗೆಲಸದವಳು. ಕಾಲೇಜನ್ನು ಮುಗಿಸಿದ ಮೇಲೆಯೂ ಅವರಿಗೆ ದೊರೆತದ್ದು ಬ್ಯಾಟನ್ ರೂಜ್ ಪಟ್ಟಣದಲ್ಲಿ ದನಗಳ ಮೇವಿನ ಗಿರಣಿಯ ಕೂಲಿಯೇ. 1941ರಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಲ್ಲಿ ಕರಿಯ ಜನರ ಮಕ್ಕಳಿಗಾಗಿ ನಡೆಯುತ್ತಿದ್ದ ಚಿಕ್ಕ ಕಾಲೇಜಿನವರು ಅವರನ್ನು ಆಟದ ಶಿಕ್ಷಕರಾಗಿ ಕರೆದರು. ಸಂಬಳವು ತಿಂಗಳಿಗೆ 64 ಡಾಲರಿಗೂ ಕಡಿಮೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೇರಿಕದ ಫುಟ್‌ಬಾಲ್ ಆಟವನ್ನೂ ಬಾಸ್ಕೆಟ್‌ಬಾಲ್ ಆಟವನ್ನೂ ಅವರೇ ಕಲಿಸಿದರು. ಬಯಲಿನ ಹುಲ್ಲನ್ನು ಅವರೇ ಕತ್ತರಿಸಿದರು. ಸುಣ್ಣದ ಗೆರೆಗಳನ್ನು ಅವರೇ ಎಳೆದರು. ಪಂದ್ಯದ ವರ್ತಮಾನವನ್ನು ಪತ್ರಿಕೆಗಳಿಗೆ ಅವರೇ ಬರೆದರು. ಮುಂಜಾನೆ ಗಂಟೆ ಬಾರಿಸುತ್ತಾ ಹೋಗಿ, ಮಲಗಿದ್ದ ಆಟಗಾರರನ್ನು ಎಬ್ಬಿಸಿ ಪಾಠಕ್ಕೆ ಕಳುಹಿಸಿದವರೂ ಅವರೇ. ಮೊದಲನೇ ವರುಷ ಮೂರು ಪಂದ್ಯಗಳನ್ನು ಗೆದ್ದು ಐದನ್ನು ಸೋತರು. ಮರುವರುಷ ಆಡಿದ ಒಂಬತ್ತನ್ನೂ ಗೆದ್ದರು. ಎದುರಾಳಿಗಳಿಗೆ ಒಂದು ಅಂಕವೂ ದೊರೆಯಲಿಲ್ಲ.

ಆ ಕಾಲದಲ್ಲಿ ಅಲ್ಲಿಯ ಊಟದ ಮನೆಗಳು ಕರಿಯರಿಗೆ ಮುಚ್ಚಿದ್ದವು. ಆದದರಿಂದ ಹುಡುಗರನ್ನು ಪರಸ್ಥಳಕ್ಕೆ ಕರಕೊಂಡು ಹೋಗುವಾಗ ರಾಬಿನ್ಸನ್ನರು ರೊಟ್ಟಿಯ ಬುತ್ತಿಯನ್ನು ತಾವೇ ಕಟ್ಟುತ್ತಿದ್ದರು. ಊರ ಬಾವಿಯ ಮೆಟ್ಟಲನ್ನು ಏರಗೊಡದ ದಿನಗಳನ್ನು ಕಂಡ, ಇಲ್ಲವೆ ಹಿರಿಯರ ಬಾಯಿಂದ ಕೇಳಿದ ನಮ್ಮವರಿಗೆ ಈ ಬುತ್ತಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಕೆಲವರು ನಮ್ಮನ್ನು ಕೇಳಬಹುದು: ಬಾಗಿಲು ಬಡಿಯದೆ ಬುತ್ತಿ ಕಟ್ಟಿಕೊಂಡವನು ಅನ್ಯಾಯಕ್ಕೆ ತಲೆಬಾಗಿದಂತಾಗಲಿಲ್ಲವೇ? ಇದು ಹಗುರವಾದ ಪ್ರಶ್ನೆಯಲ್ಲ. ಬಾಗಿಲು ಬಡಿಯುವವರು ಬೇಕೇ ಬೇಕು. ಅಂಥವರು ಪೆಟ್ಟು ತಿಂದು ಸೆರೆಮನೆ ಸೇರಿದ್ದರಿಂದಲೇ 1964ರ ಕಾಯಿದೆಯು ಆ ಊಟದ ಮನೆಗಳನ್ನು ಎಲ್ಲರಿಗೂ ತೆರೆಯಿಸಿತು. ಆದರೆ ಬಾಗಿಲು ತೆರೆದ ದಿನ ಒಳಗೆ ನೆಟ್ಟಗೆ ನಡೆದು ಹೋಗತಕ್ಕವರನ್ನು ಮೊದಲೇ ಸಿದ್ಧಮಾಡುವವರೂ ಬೇಕಲ್ಲವೇ? ಅವಮಾನದ ನಡುವೆ ಬೆಳೆದ ಹುಡುಗನು ತಾನು ಕೀಳೆಂದು ನಂಬಿಬಿಟ್ಟರೆ ತೆರೆದ ಬಾಗಿಲಿನಿಂದ ಅವನಿಗೇನು ಪ್ರಯೋಜನ? 1949ರಲ್ಲಿ ರಾಬಿನ್ಸನ್ನರ ಶಿಷ್ಯನಾದ ಟ್ಯಾಂಕ್ ಯಂಗರ್ ಎಂಬವನು, ಕರಿಯರ ಕಾಲೇಜುಗಳಿಂದ ಆ ದೇಶದ ವೃತ್ತಿ ಫುಟ್‌ಬಾಲಿನ ಮಹಾ ಸಂಘವನ್ನು ಸೇರಿದವರಲ್ಲಿ ಮೊದಲಿಗನಾದನು. ಅವನ ಹಿಂದೆ ಇದೇ ಬಯಲಿನಿಂದ ಇನ್ನೂರಕ್ಕೂ ಹೆಚ್ಚು ಮಂದಿ ವೃತ್ತಿ ಆಟಗಾರರಾದರು. ನಮ್ಮ ಎಣಿಕೆಯಲ್ಲಿ ಬುತ್ತಿ ಕಟ್ಟಿದ್ದು ತಲೆಬಾಗಿದ್ದಲ್ಲ. ಮಕ್ಕಳ ತಲೆಯು ಬಾಗದಂತೆ ಕಾಯ್ದದ್ದೇ.

ರಾಬಿನ್ಸನ್ನರು ಅದೇ ಕಾಲೇಜಿನಲ್ಲಿ 1997ರ ವರೆಗೂ ಇದ್ದು ಫುಟ್‌ಬಾಲಿನಲ್ಲಿ 408 ಪಂದ್ಯಗಳನ್ನು ಗೆದ್ದರು. ಆವರೆಗೆ ಯಾವ ಕಾಲೇಜಿನ ಶಿಕ್ಷಕನೂ ಅಷ್ಟು ಗೆದ್ದಿರಲಿಲ್ಲ. ಆದರೆ ಕಡೆಯ ಮೂರು ವರುಷಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಮುದುಕನು ಹೋಗಲಿ ಎಂಬ ಮಾತೂ ಕೇಳಬಂತು. ತರುವಾಯ ನೆನಪನ್ನು ತಿಂದುಬಿಡುವ ಆಲ್‌ಜೈಮರ್ ರೋಗವು ಅವರನ್ನು ಹಿಡಿಯಿತು. 2007ರಲ್ಲಿ ಅವರು ತೀರಿಕೊಂಡರು. ಗಿರಣಿಯ ಕೂಲಿ ಮಾಡಿದ ಅದೇ ಬ್ಯಾಟನ್ ರೂಜ್ ಪಟ್ಟಣದ ಶಾಸನ ಮಂದಿರದಲ್ಲಿ ಜನರ ದರ್ಶನಕ್ಕಾಗಿ ಅವರ ಶರೀರವನ್ನಿಟ್ಟರು.

ಈಗ ಮೊದಲನೇ ಪ್ರಶ್ನೆಗೆ ಬರೋಣ. ಗೆಲವುಗಳೇ ಫಲವಾಗಿದ್ದರೆ, ಕಡೆಯ ಸೋಲುಗಳು ಅದನ್ನು ಕುಂದಿಸುತ್ತಿದ್ದವು. ನೆನಪೇ ಫಲವಾಗಿದ್ದರೆ, ರೋಗವು ಅದನ್ನು ಕಸುಕೊಳ್ಳುತ್ತಿತ್ತು. ಮಾನವೇ ಫಲವಾಗಿದ್ದರೆ, ಅದರಲ್ಲಿ ಬಹುಪಾಲು ಬಂದದ್ದು ತಡವಾಗಿ. ಇವುಗಳಲ್ಲಿ ಒಂದೂ ಮುಟ್ಟಲಾರದ ಫಲವು ಬೇರೆ ಕಣದಲ್ಲಿತ್ತು. ಗಂಟೆಯ ಸದ್ದಿಗೆ ಎದ್ದು ಪಾಠಕ್ಕೆ ಹೋದ ಹುಡುಗನು ತಂದೆಯಾಗಿ ತನ್ನ ಮಗನನ್ನು ಎಬ್ಬಿಸುವಾಗ ಅದು ಅಲ್ಲಿರುತ್ತದೆ. ಕಲಿಸಿದವನು ಮರೆತರೂ ಕಲಿತವನ ನಡತೆಯು ಮರೆಯುವದಿಲ್ಲ.

ಆದಕಾರಣ, ನಮ್ಮ ಹಳ್ಳಿಯ ಶಾಲೆಗಳಲ್ಲಿ ಕಲಿಸುವ ಸಹೋದರ ಸಹೋದರಿಯರೇ, ನಿಮ್ಮ ಶಾಲೆಯು ಚಿಕ್ಕದು, ಸಂಬಳವು ಸ್ವಲ್ಪ, ಬಯಲಿನ ಹುಲ್ಲನ್ನು ನೀವೇ ಕೀಳಬೇಕು ಎಂದು ಕುಗ್ಗಬೇಡಿರಿ. ರಾಶಿಯು ಕಣ್ಣಿಗೆ ಕಾಣದಿದ್ದರೆ ಬೆಳೆಯು ಬರಲಿಲ್ಲವೆಂದು ತಿಳಿಯಬೇಡಿರಿ. ಅದು ಬೇರೆಯವರ ಮನೆಯಲ್ಲಿ ಅನ್ನವಾಗಿದೆ.