ಅಂಚಿನ ಷರಾ ಮತ್ತು ಅನುವಾದಕರ ಆಣೆ

ಜರ್ಮನಿಯಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರವನ್ನು ಅಮೆರಿಕದ ವಲಸೆ ಇಲಾಖೆಗೆ ಕೊಡುವಾಗ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ತಮಗೆ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿದೆ, ಸರಿಯಾಗಿದೆ ಎಂದು ಅನುವಾದಕರೇ ಬರೆದು ಸಹಿ ಹಾಕಿದರೆ ಅಲ್ಲಿ ಸಾಕು. ಜರ್ಮನಿಯ ಕಟ್ಟಳೆ ಬಿಗಿ. ಅಲ್ಲಿನ ಅಧಿಕೃತ ಅನುವಾದಕರು ನಿಷ್ಠೆಯಿಂದ, ಆತ್ಮಸಾಕ್ಷಿಗೆ ತಕ್ಕಂತೆ ಅನುವಾದಿಸುತ್ತೇವೆಂದು ಪ್ರಮಾಣ ಮಾಡಿದವರು. ಅವರ ಹೆಸರುಗಳನ್ನು ಅಲ್ಲಿನ ನ್ಯಾಯಾಂಗ ಆಡಳಿತವೇ ಸಾರ್ವಜನಿಕ ಪಟ್ಟಿಯಲ್ಲಿಟ್ಟಿದೆ.

ಪ್ರಮಾಣ ದೇವರ ಹೆಸರಿನಲ್ಲೇ ಆಗಬೇಕೆಂದಿಲ್ಲ. ಧಾರ್ಮಿಕ ರೂಪದ ಆಣೆಗೆ ಯಾರನ್ನೂ ಒತ್ತಾಯಿಸಬಾರದೆಂದು 1919ರ ವೈಮಾರ್ ಸಂವಿಧಾನ ಹೇಳಿತ್ತು. 1949ರ ಸಂವಿಧಾನವೂ ಆ ಮಾತನ್ನು ಉಳಿಸಿಕೊಂಡಿತು. ಹಾಗಾದರೆ ದೇವರನ್ನು ಕರೆಯದೆ ಆಣೆ ಮಾಡಿದವರ ನಿಷ್ಠೆ ಯಾರಿಗೆ? ದುಡ್ಡು ಕೊಟ್ಟವರಿಗೋ, ಸತ್ಯಕ್ಕೋ, ಎದುರಿಗಿರುವ ಕಾಗದಕ್ಕೋ?

ಕಾಗದದಲ್ಲೇ ಅನ್ಯಾಯವಿದ್ದಾಗ ಈ ಪ್ರಶ್ನೆ ಸುಡುತ್ತದೆ. ಹೆಸರಿನಿಂದಲೇ ಗುರುತು ಸಿಗದ ಯೆಹೂದಿ ಗಂಡಸರು 'ಇಸ್ರೇಲ್', ಹೆಂಗಸರು 'ಸಾರಾ' ಎಂಬ ಹೆಚ್ಚಿನ ಹೆಸರನ್ನು 1939ರ ಜನವರಿ 1ರಿಂದ ಹೊರಬೇಕೆಂದು ನಾಜಿ ಸರ್ಕಾರ 1938ರ ಆಗಸ್ಟ್‌ನಲ್ಲಿ ಆದೇಶಿಸಿತು. ನೋಂದಣಿ ಅಧಿಕಾರಿಗಳು ಹಳೆಯ ಜನನ ದಾಖಲೆಗಳ ಅಂಚಿನಲ್ಲಿ ಆ ಷರಾ ಬರೆದರು. ಯುದ್ಧದ ನಂತರ ಆದೇಶ ರದ್ದಾಯಿತು. ಎಷ್ಟೋ ಪುಟಗಳಲ್ಲಿ ಮೊದಲ ಷರಾವನ್ನು ರದ್ದುಪಡಿಸುವ ಎರಡನೆಯ ಷರಾ ಕೂಡ ಇದೆ.

ಅಂಥ ಪುಟವನ್ನು ಇಂದು ಮೊಮ್ಮಗಳೊಬ್ಬಳು ಇಂಗ್ಲಿಷಿಗೆ ತರಿಸುತ್ತಾಳೆ ಎನ್ನೋಣ. ಅಜ್ಜಿಯ ಮೇಲೆ ಹೇರಿದ ಹೆಸರನ್ನು ಕರುಣೆಯಿಂದ ಕೈಬಿಡಬಹುದೇ?

ಕರುಣೆಯ ಕಾರಣಕ್ಕೂ ಸುಳ್ಳಾಡುವ ಹಕ್ಕಿಲ್ಲ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ 1797ರ ಲೇಖನದಲ್ಲಿ ವಾದಿಸಿದ. ಕೊಲೆಗಾರ ಬಾಗಿಲಿಗೆ ಬಂದು ಗೆಳೆಯನೆಲ್ಲಿ ಎಂದು ಕೇಳಿದಾಗಲೂ ನಿಜವನ್ನೇ ಹೇಳಬೇಕೆಂಬ ಅವನ ಹಟ ಒಪ್ಪುವಂಥದಲ್ಲ. ಅಲ್ಲಿ ಸುಳ್ಳು ಒಂದು ಜೀವ ಉಳಿಸೀತು. ಅನುವಾದಕರ ಮೇಜಿನ ಮೇಲೆ ಮಾತ್ರ ಅವನ ಕಾಠಿಣ್ಯವೇ ಸರಿ. ಇಲ್ಲಿ ಹೆಸರನ್ನು ಅಳಿಸಿದರೆ ಅಜ್ಜಿಗೆ ಆದ ನೋವು ಅಳಿಯದು, ಅದನ್ನು ಕೊಟ್ಟ ಸರ್ಕಾರದ ಗುರುತು ಅಳಿಯುತ್ತದೆ. ಅನುವಾದಕರು 'ಇವಳು ಸಾರಾ' ಎಂದು ಸಾಕ್ಷಿ ಹೇಳುತ್ತಿಲ್ಲ, 'ಹೀಗೆಂದು ಬರೆದಿದ್ದರು' ಎನ್ನುತ್ತಿದ್ದಾರೆ. ಎರಡನೆಯ ಷರಾದ ನ್ಯಾಯ ಅರ್ಥವಾಗಬೇಕಾದರೂ ಮೊದಲನೆಯದು ಅಲ್ಲಿರಬೇಕು.

ಆದ್ದರಿಂದ ಅನುವಾದಕರನ್ನು ಹುಡುಕುವವರು ದರ, ದಿನಗಳ ಜೊತೆಗೆ ಇನ್ನೂ ಒಂದನ್ನು ಕೇಳಬೇಕು: ಹಳೆಯ ಜರ್ಮನ್ ಕೈಬರಹ ಓದಲು ಬರುತ್ತದೆಯೇ, ಅಂಚಿನ ಷರಾ, ಸೀಲು, ತಪ್ಪು ಕಾಗುಣಿತ ಎಲ್ಲವನ್ನೂ ಅನುವಾದದಲ್ಲಿ ತೋರಿಸುತ್ತೀರಾ? 'ಇದೆಲ್ಲ ಯಾಕೆ, ಬಿಟ್ಟುಬಿಡೋಣ' ಎನ್ನುವವರ ಕೈಗೆ ಮನೆತನದ ದಾಖಲೆ ಕೊಡಬೇಡಿ.