ಹತ್ತು ದಿನಗಳ ವಾತ್ಸಲ್ಯ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಅದರ ನಾಲ್ಕು ಭೇದಗಳನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಈ ನಾಲ್ಕರಲ್ಲಿ ಯಾವುದಕ್ಕೂ ಸುಲಭವಾಗಿ ಸೇರದ ಒಂದು ದಾನ ಈಚಿನ ದಶಕಗಳಲ್ಲಿ ಲೋಕದಲ್ಲೆಲ್ಲ ಬೆಳೆದಿದೆ. ಅದು ಕೆಲವೇ ದಿನಗಳ ಪ್ರೀತಿಯ ದಾನ. ದೂರದೇಶದಿಂದ ವಿಮಾನದಲ್ಲಿ ಬಂದು, ಆಶ್ರಯಧಾಮದ ಮಕ್ಕಳೊಡನೆ ಹತ್ತು ಹದಿನೈದು ದಿನ ಆಡಿ, ಹಾಡು ಕಲಿಸಿ, ಹೊರಡುವ ದಿನ ಕಣ್ಣೀರಿಟ್ಟು ಹಿಂದಿರುಗುವ ಸೇವೆ ಅದು. ಕೊಡುವವನ ಮನಸ್ಸು ಶುದ್ಧವಾಗಿದೆ. ಆದರೆ ಪಡೆಯುವ ಮಗುವಿಗೆ ಇದರಿಂದ ಒದಗುವುದೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕದ ಕ್ರೈಸ್ತ ಸಭೆಗಳಲ್ಲಿ ಈ ಪದ್ಧತಿ ಬಹಳ ವ್ಯಾಪಕವಾಗಿದೆ. ವರ್ಷವೊಂದಕ್ಕೆ ಸುಮಾರು 16 ಲಕ್ಷ ಮಂದಿ ಇಂತಹ ಅಲ್ಪಾವಧಿಯ ಸೇವಾಯಾತ್ರೆಗೆ ಹೊರದೇಶಗಳಿಗೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುಥ್ನೋ ಈ ಶತಮಾನದ ಮೊದಲ ದಶಕದಲ್ಲಿ ಅಂದಾಜು ಮಾಡಿದ್ದರು. ಇಂತಹ ಯಾತ್ರೆಗಳಿಗೆ ಹೈಸ್ಕೂಲು, ಕಾಲೇಜುಗಳ ಮಕ್ಕಳೂ ಹೋಗುತ್ತಾರೆ. ಭಾರತಕ್ಕೂ ಇಂತಹ ತಂಡಗಳು ಬರುತ್ತವೆ. ಮೈಸೂರಿನಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಯೋಗಾಭ್ಯಾಸಕ್ಕೆಂದು ಗೋಕುಲಂ ಬಡಾವಣೆಗೆ ಬಂದು ತಂಗುವ ವಿದೇಶೀಯರಲ್ಲಿ ಕೆಲವರು ಬಿಡುವಿನ ವೇಳೆಯನ್ನು ಮಕ್ಕಳ ಆಶ್ರಯಧಾಮಗಳಲ್ಲಿ ಕಳೆಯುವುದುಂಟು. ಆದುದರಿಂದ ಇದನ್ನು ಒಂದು ಮತದ ದೋಷವೆಂದು ಬೆರಳು ತೋರುವುದು ನ್ಯಾಯವಲ್ಲ.

ಹಾಗೆ ನೋಡಿದರೆ ಕ್ರೈಸ್ತ ಸೇವೆಯ ಹಳೆಯ ರೀತಿ ಮೈಸೂರಿಗೆ ಅಪರಿಚಿತವೇನಲ್ಲ. ಊರಿನ ಜನ ಇಂದಿಗೂ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದರು. ಅಲ್ಲಿ ಹೆರಿಗೆಯಾದ ತಾಯಂದಿರ ಮೊಮ್ಮಕ್ಕಳು ಈಗ ಮುದುಕರಾಗಿದ್ದಾರೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದವರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಜೈನ ವೈಯಾಕರಣನಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದವರೂ ಅವರೇ. ಬಂದವರ ಉದ್ದೇಶ ಮತಪ್ರಸಾರವೇ ಆಗಿತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಅವರು ಇಲ್ಲಿನ ಮಾತು ಕಲಿತರು, ಇಲ್ಲಿನ ಜ್ವರಗಳನ್ನು ಅನುಭವಿಸಿದರು, ತಮ್ಮ ತಪ್ಪುಗಳ ಫಲವನ್ನು ಕಾಣುವಷ್ಟು ಕಾಲ ಇಲ್ಲಿಯೇ ಇದ್ದರು. ಹತ್ತು ದಿನಗಳ ಅತಿಥಿಗೆ ಈ ಕೊನೆಯ ಅವಕಾಶವೇ ಇಲ್ಲ. ಆತನು ಬಿಟ್ಟುಹೋದುದು ಏನಾಯಿತೆಂಬುದು ಆತನಿಗೆ ಎಂದಿಗೂ ತಿಳಿಯುವುದಿಲ್ಲ.

ಏನಾಗುತ್ತದೆ? ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಅನ್ನದಷ್ಟೇ ಅಗತ್ಯವಾದುದು ಒಬ್ಬರೇ ಸ್ಥಿರವಾಗಿ ನೋಡಿಕೊಳ್ಳುವ ನಂಟು ಎಂಬುದನ್ನು ಪ್ರತಿಪಾದಿಸಿದರು. ಆಶ್ರಯಧಾಮದ ಬಾಗಿಲಲ್ಲಿ ಕಾಲಿಟ್ಟೊಡನೆ ಮಕ್ಕಳು ಓಡಿಬಂದು ಅಪರಿಚಿತರ ಕೈ ಹಿಡಿಯುವುದನ್ನು, ಮಡಿಲೇರುವುದನ್ನು ಕಂಡು ಬಂದವರು ಕರಗಿಹೋಗುತ್ತಾರೆ. ತಾಯಿಯ ಬಳಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಸೆರಗಿನ ಹಿಂದೆ ಅಡಗುತ್ತದೆ, ಅದು ಸಹಜ. ಯಾರ ಮಡಿಲಾದರೂ ಸರಿಯೆಂದು ಏರುವ ಮಗು ನೆಚ್ಚಿಕೊಳ್ಳಲು ಒಬ್ಬರೂ ಇಲ್ಲದ ಮಗುವಾಗಿರಬಹುದೆಂದು ತಜ್ಞರು ಎಚ್ಚರಿಸುತ್ತಾರೆ. ಅತಿಥಿಯು ಪ್ರೀತಿಯೆಂದು ಬಗೆದುದು ಒಂದು ಗಾಯದ ಗುರುತಾಗಿರುವ ಸಂಭವವಿದೆ. ಒಂದು ತಂಡ ಹೋಗಿ ಮತ್ತೊಂದು ಬಂದಂತೆಲ್ಲ ಆ ಗಾಯ ಮತ್ತೆ ಮತ್ತೆ ಕೆರೆಯಲ್ಪಡುತ್ತದೆ.

ಇನ್ನೂ ಕಠಿಣವಾದ ಸಂಗತಿ ಕಾಂಬೋಡಿಯದಿಂದ ತಿಳಿದುಬಂದಿತು. ಅಲ್ಲಿ 2005ರಿಂದ 2010ರ ವರೆಗಿನ ಐದು ವರ್ಷಗಳಲ್ಲಿ ಅನಾಥಾಲಯಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಯುದ್ಧವೂ ಕ್ಷಾಮವೂ ಇಲ್ಲದ ವರ್ಷಗಳವು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲುಪಾಲು ತಂದೆತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದವರು. ಮಕ್ಕಳನ್ನು ನೋಡಲು ಹಣ ಕೊಟ್ಟು ಬರುವ ವಿದೇಶೀಯರು ಹೆಚ್ಚಿದಂತೆ, ಅವರಿಗೆ ತೋರಿಸಲು ಮಕ್ಕಳೂ ಬೇಕಾದರು. ಗಿರಾಕಿ ಇದ್ದಲ್ಲಿ ಸರಕು ಬರುತ್ತದೆಂಬುದನ್ನು ವ್ಯಾಪಾರ ಬಲ್ಲವರಿಗೆ ವಿವರಿಸಬೇಕಾಗಿಲ್ಲ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ತನ್ನ ನಿರ್ಣಯದಲ್ಲಿ ಅನಾಥಾಲಯಗಳ ಇಂತಹ ಸ್ವಯಂಸೇವೆಯಿಂದಾಗುವ ಕೇಡನ್ನು ಹೆಸರಿಸಿತು. ಭಾರತದ 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಬೇಕೆಂದು ವಿಧಿಸುತ್ತದೆ.

ಈ ಸೇವೆಯನ್ನು ಹಿಂಸೆಯೆನ್ನಬಹುದೆ? ಕೊಲ್ಲುವ, ನೋಯಿಸುವ ಭಾವ ಇಲ್ಲಿ ಲೇಶವೂ ಇಲ್ಲ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ದ್ವೇಷಕ್ಕೆ ಕಟ್ಟಿಲ್ಲ, ಪ್ರಮಾದಕ್ಕೆ ಕಟ್ಟಿದ್ದಾರೆ. ನೋಡದೆ ಕಾಲಿಡುವುದು ಪ್ರಮಾದ, ಕೇಳದೆ ಉಪಕಾರ ಮಾಡುವುದೂ ಅದೇ ಜಾತಿಯದು. ಆ ಗ್ರಂಥದ ಏಳನೆಯ ಅಧ್ಯಾಯವೇ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳನ್ನೂ ಹೇಳುತ್ತದೆ. ಅವುಗಳಲ್ಲಿ ಕೊನೆಯದು ಕಾಲಾತಿಕ್ರಮ, ಎಂದರೆ ಹೊತ್ತು ಮೀರಿ ಕೊಡುವುದು. ಮುನಿಗಳ ಆಹಾರದ ಹೊತ್ತಿಗೆ ಶ್ರಾವಕನು ಕಾದು ನಿಲ್ಲಬೇಕೇ ಹೊರತು, ಶ್ರಾವಕನ ಬಿಡುವಿಗೆ ಮುನಿಗಳು ಕಾಯುವುದಿಲ್ಲ. ಸಾಮಾನ್ಯವಾಗಿ ವಿಧಿಯ ಸೂಕ್ಷ್ಮವೆಂದು ಓದಿಬಿಡುವ ಈ ಮಾತಿನಲ್ಲಿ ಬಹು ದೊಡ್ಡ ನೀತಿ ಅಡಗಿದೆ. ದಾನದ ಕಾಲ ಪಾತ್ರನಿಗೆ ಸೇರಿದ್ದು, ದಾತೃವಿಗಲ್ಲ. ಬೇಸಿಗೆ ರಜೆಯಲ್ಲಿ ಮಾತ್ರ ಒದಗುವ ವಾತ್ಸಲ್ಯ ಯಾರ ಕಾಲಕ್ಕೆ ಹೊಂದಿದ ವಾತ್ಸಲ್ಯ? ವತ್ಸವೆಂದರೆ ಕರು. ಹಸುವಿಗೆ ಕರುವಿನ ಮೇಲಿರುವ ಭಾವವೇ ವಾತ್ಸಲ್ಯ. ಕರು ಹಸಿದಾಗ ಹಸು ಅಲ್ಲಿರುತ್ತದೆ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ, ಅನೇಕಾಂತವನ್ನು ಒಪ್ಪಿದವರು ಅದನ್ನು ಕೇಳಲೇಬೇಕು. ಹತ್ತು ದಿನಕ್ಕೆಂದು ಬಂದವರಲ್ಲಿ ಕೆಲವರ ಬಾಳು ತಿರುಗುತ್ತದೆ, ಮುಂದೆ ಅವರು ವೈದ್ಯರೋ ಶಿಕ್ಷಕರೋ ಆಗಿ ಜೀವಮಾನವಿಡೀ ದುಡಿಯುತ್ತಾರೆ. ಕಣ್ಣಾರೆ ಕಂಡವರೇ ಹಣ ಕೊಡುವವರು, ಆ ಹಣದಿಂದ ಅಲ್ಲಿನ ಮಕ್ಕಳು ಓದುತ್ತಾರೆ. ಇದು ಸುಳ್ಳಲ್ಲ. ಆದರೆ ಹಾಗೆ ತಿರುಗಿದ ಬಾಳು ಅತಿಥಿಯದು. ಅದಕ್ಕೆ ಸಾಧನವಾಗಿ ಮಗುವಿನ ಮನಸ್ಸನ್ನು ಬಳಸಲು ಅಪ್ಪಣೆ ಕೊಟ್ಟವರಾರು? ಹಣದ ಮಾತೂ ಪರಿಶೀಲಿಸತಕ್ಕದ್ದೇ. ಹನ್ನೆರಡು ಮಂದಿಯ ತಂಡದಲ್ಲಿ ಒಬ್ಬೊಬ್ಬರ ವಿಮಾನದ ವೆಚ್ಚ ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 12 ಲಕ್ಷ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಒಬ್ಬಳಿಗೆ ತಿಂಗಳಿಗೆ 15 ಸಾವಿರ ಸಂಬಳ ಕೊಟ್ಟರೆ ಆ ಮೊತ್ತದಲ್ಲಿ ಆಕೆ ಆರು ವರ್ಷಕ್ಕೂ ಮಿಕ್ಕಿ ಅದೇ ಮಕ್ಕಳ ಬಳಿ ಇರಬಲ್ಲಳು. ಐದು ವರ್ಷದ ಮಗುವಿಗೆ ಆರು ವರ್ಷವೆಂದರೆ ಅದರ ಬಾಲ್ಯವೆಲ್ಲ.

ಈ ಟೀಕೆಯನ್ನು ಮೊದಲು ಗಟ್ಟಿಯಾಗಿ ಆಡಿದವರೂ ಕ್ರೈಸ್ತರೇ ಎಂಬುದು ಗಮನಾರ್ಹ. ಆಗ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಇವಾನ್ ಇಲ್ಲಿಚ್ 1968ರಲ್ಲಿ ಮೆಕ್ಸಿಕೊ ದೇಶದ ಕುಯೆರ್ನವಾಕದಲ್ಲಿ, ಬೇಸಿಗೆಯ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದರು: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಾತ್ಪರ್ಯ.

ಮತಬೋಧೆಯ ವಿಷಯ ಸಂಕ್ಷೇಪವಾಗಿ ಹೇಳಬಹುದಾದುದು. ಅನ್ನ ಕೊಟ್ಟ ಮನೆಯಲ್ಲಿ ಬೇರೆ ದೇವರ ಪ್ರಾರ್ಥನೆಯನ್ನು ಒಲ್ಲೆನೆನ್ನುವ ಶಕ್ತಿ ಎಂಟು ವರ್ಷದ ಮಗುವಿಗೆ ಇರುವುದಿಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ವಿದ್ಯಾಸಂಸ್ಥೆಗಳಲ್ಲಿ ಅಪ್ರಾಪ್ತವಯಸ್ಕರ ಧಾರ್ಮಿಕ ಬೋಧನೆಗೆ ಪೋಷಕರ ಸಮ್ಮತಿ ಬೇಕೆಂದು ಸಂವಿಧಾನದ 28ನೆಯ ಅನುಚ್ಛೇದ ಹೇಳುವುದು ಇದಕ್ಕಾಗಿಯೇ. ಜೈನ ಟ್ರಸ್ಟೊಂದು ಅನ್ಯಮತದ ಬಡಮಕ್ಕಳಿಗೆ ವಸತಿ ಕೊಟ್ಟು ಪಂಚನಮಸ್ಕಾರ ಹೇಳಿಸುವುದಾದರೆ ಅಲ್ಲಿಯೂ ಇದೇ ಪ್ರಶ್ನೆ ಏಳಬೇಕು.

ಇನ್ನು ಸ್ವಸಮಾಜದತ್ತ ಕಣ್ಣು ಹಾಯಿಸೋಣ. ಮಗನ ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಹೋಳಿಗೆ ಊಟ, ಮಹಾವೀರ ಜಯಂತಿಯಂದು ಹಣ್ಣು ಹಂಚಿಕೆ, ಜೊತೆಗೆ ಒಂದು ಛಾಯಾಚಿತ್ರ. ಅಲ್ಲಿ ಮಕ್ಕಳು ಸಾಲಾಗಿ ನಿಂತು, ತಮಗೆ ಎಂದೂ ಆಚರಿಸದ ಹುಟ್ಟುಹಬ್ಬದ ಹಾಡನ್ನು ಮತ್ತೊಬ್ಬ ಮಗುವಿಗೆ ಹಾಡುತ್ತಾರೆ. ಹತ್ತು ದಿನದವರನ್ನು ಅರ್ಧ ದಿನದವರು ಆಕ್ಷೇಪಿಸುವುದೆಂತು? ಪೋಷಣೆ, ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂತೆ ಚಿತ್ರ ಪ್ರಕಟಿಸುವುದನ್ನು ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣ ನಿಷೇಧಿಸಿದೆ. ಬಸದಿಗಳ ವಾರ್ತಾಪತ್ರಗಳೂ ತ್ರೈಮಾಸಿಕಗಳೂ ಇದಕ್ಕೆ ಹೊರತಲ್ಲ. ಸೇವೆಯ ಫಲವಾಗಿ ಇಂಥದು ಬೇಕೆಂಬ ಸಂಕಲ್ಪಕ್ಕೆ ನಿದಾನವೆಂದು ಹೆಸರು, ಮೂರು ಶಲ್ಯಗಳಲ್ಲಿ ಅದೊಂದು. ಕಾಲೇಜಿನ ಪ್ರವೇಶಪತ್ರದಲ್ಲಿ ಬರೆಯಲೆಂದು ಮಾಡಿದ ಸೇವೆಗೂ ಅದೇ ಮುಳ್ಳು ಚುಚ್ಚಿದೆ.

ಕನ್ನಡ ನಾಡಿನ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆಯಲ್ಲಿ, ಹುಲಿಯ ಬಳಿಗೆ ಹಿಂದಿರುಗುವ ಮುನ್ನ ಹಸು ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತದೆ. ಹೋಗಲೇಬೇಕಾದವರ ಕರ್ತವ್ಯ ಅಲ್ಲಿದೆ. 'ಮತ್ತೆ ಬರುತ್ತೇನೆ' ಎಂದು ಮಗುವಿಗೆ ಹೇಳಿ ಬಾರದಿರುವುದು ಸತ್ಯಾಣುವ್ರತಕ್ಕೂ ಕುಂದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡುಜನರ ನಡುವೆ ನಾಲ್ಕು ದಶಕ ನಿಂತಿತು. ನಿಲ್ಲುವವರು ಇದ್ದಲ್ಲಿ ಬಂದುಹೋಗುವವರ ನೆರವಿಗೂ ಒಂದು ಸ್ಥಾನ ದೊರೆಯುತ್ತದೆ.

ವಿದೇಶದಲ್ಲಿ ನೆಲಸಿದ ಕನ್ನಡ ಜೈನ ಕುಟುಂಬವೊಂದು, ಹದಿನಾರು ವರ್ಷದ ಮಗನನ್ನು ರಜೆಯಲ್ಲಿ ಎರಡು ವಾರ ಮಕ್ಕಳ ಸೇವೆಗೆ ಕಳುಹಿಸುವೆವೆಂದು ಮೈಸೂರಿನ ಟ್ರಸ್ಟೊಂದಕ್ಕೆ ಬರೆಯಿತೆನ್ನೋಣ. ಬೇಡವೆನ್ನಬೇಕಾಗಿಲ್ಲ. ಎಳೆಯ ಮಕ್ಕಳ ಕೋಣೆಯ ಬದಲು ಅಡುಗೆಮನೆ, ಗ್ರಂಥಭಂಡಾರದ ಪಟ್ಟಿ, ಕಚೇರಿಯ ಲೆಕ್ಕಪತ್ರ, ಹಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಶಿಕ್ಷಕರೊಡನೆ ಇಂಗ್ಲಿಷ್ ಸಂಭಾಷಣೆ, ಇವುಗಳಲ್ಲಿ ಅವನಿಗೆ ಕೆಲಸ ಉಂಟೆಂದೂ, ಟಿಕೆಟ್ಟಿನಷ್ಟೇ ಹಣವನ್ನು ಆಯಾಗಳ ಸಂಬಳದ ನಿಧಿಗೆ ಕೊಡಬಹುದೆಂದೂ, ಛಾಯಾಚಿತ್ರಕ್ಕೆ ಅನುಮತಿ ಇಲ್ಲವೆಂದೂ ಉತ್ತರ ಬರೆಯಬಹುದು. ಆ ಪತ್ರ ಓದಿದ ಮೇಲೂ ಹುಡುಗ ಬರುವುದಾದರೆ, ಬೆಳಗ್ಗೆ ಐದೂವರೆಗೆ ಅಡುಗೆಯವರು ಬಾಗಿಲು ತೆರೆಯುವ ಹೊತ್ತಿಗೆ ಅವನು ಅಲ್ಲಿರಬೇಕಾಗುತ್ತದೆ.