ಹಳೆಯ ಕಂಪ್ಯೂಟರಿನೊಳಗಿನ ಅಮಾನತ್ತು

ಮನೆಯಲ್ಲಿ ಬೇಡವಾದ ವಸ್ತುವನ್ನು ಗುಜರಿಯವನ ತಕ್ಕಡಿಗೆ ಹಾಕಿದ ಮೇಲೆ ಅದರ ಮೇಲೆ ನಮಗಿದ್ದ ಹಕ್ಕು ಮುಗಿಯಿತೇ? ಅದನ್ನು ಹಣ ಕೊಟ್ಟು ಕೊಂಡವನಿಗೆ ಅದರೊಳಗಿರುವುದೆಲ್ಲವೂ ಸೇರಿತೇ? ಹಿತ್ತಾಳೆಯ ಚೆಂಬಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚೆಂಬನ್ನು ಮಾರಿದರೆ ಚೆಂಬು ಹೋಯಿತು, ವ್ಯವಹಾರ ಮುಗಿಯಿತು. ಆದರೆ ಕಂಪ್ಯೂಟರ್ ಚೆಂಬಿನಂತಲ್ಲ. ಅದರ ಹೊಟ್ಟೆಯಲ್ಲಿ ಒಂದು ಮನೆಯ ಲೆಕ್ಕಪತ್ರಗಳಿರುತ್ತವೆ, ಕಾಗದಗಳಿರುತ್ತವೆ, ಭಾವಚಿತ್ರಗಳಿರುತ್ತವೆ. ಕೆಲವೊಮ್ಮೆ ಯಾರಿಗೂ ಹೇಳಿರದ ಮಾತುಗಳೂ ಇರುತ್ತವೆ.

ಬೆಂಗಳೂರಿನ ಹಳೆಯ ಪೇಟೆಯನ್ನು ಬಲ್ಲವರಿಗೆ ಎಸ್.ಪಿ. ರಸ್ತೆಯನ್ನು ಪರಿಚಯಿಸಬೇಕಾಗಿಲ್ಲ. ಕಂಪ್ಯೂಟರ್ ಬಿಡಿಭಾಗಗಳೂ ಕೇಬಲ್‌ಗಳೂ ಒಮ್ಮೆ ಬಳಸಿದ ಯಂತ್ರಗಳೂ ಅಲ್ಲಿ ಅಂಗಡಿ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿಂದ ಮಾರುಕಟ್ಟೆಯನ್ನು ದಾಟಿದರೆ ಚಾಮರಾಜಪೇಟೆ. 1980 ಮತ್ತು 90ರ ದಶಕಗಳಲ್ಲಿ ಈ ನಗರದ ಬ್ಯಾಂಕುಗಳಿಗೂ ಕಚೇರಿಗಳಿಗೂ ಆಮೇಲೆ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಿಗೂ ಬಂದ ಕಂಪ್ಯೂಟರ್‌ಗಳು ತಮ್ಮ ಕಾಲ ಮುಗಿದ ಮೇಲೆ ಇಂತಹ ಬೀದಿಗಳಿಗೇ ಇಳಿದು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬಿಚ್ಚಲ್ಪಟ್ಟು ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಆಗುತ್ತವೆ. ಕೆಲವು ಮಾತ್ರ ದುರಸ್ತಿ ಬಲ್ಲವರ ಕೈಗೆ ಸಿಕ್ಕಿ ಮತ್ತೆ ಜೀವ ಪಡೆಯುತ್ತವೆ.

ಈ ದುರಸ್ತಿಯ ಕೆಲಸವನ್ನು ಸಣ್ಣದೆಂದು ತಿಳಿಯಬಾರದು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದು ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದುದರಲ್ಲಿ ಬಹಳಷ್ಟು ಮಣ್ಣಿಗೆ ಸೇರುತ್ತದೆ ಅಥವಾ ಬಡವರ ಕೇರಿಗಳಲ್ಲಿ ಸುಡಲ್ಪಡುತ್ತದೆ. ವೈರನ್ನು ಸುಟ್ಟು ತಾಮ್ರ ತೆಗೆಯುವವನು ಉಸಿರಾಡುವುದು ವಿಷವನ್ನು. ಹಳೆಯ ಮಾನಿಟರಿನ ಗಾಜಿನಲ್ಲಿಯೂ ಹಳೆಯ ಬೋರ್ಡಿನ ಬೆಸುಗೆಯಲ್ಲಿಯೂ ಸೀಸವಿದೆ. ಹಾಗಿರುವಾಗ ಇನ್ನೂ ಕೆಲಸ ಮಾಡಬಲ್ಲ ಯಂತ್ರವನ್ನು ಎಸೆಯುವುದು ಬರಿಯ ದುಂದುಗಾರಿಕೆಯಲ್ಲ, ನೆರೆಯವನ ಶ್ವಾಸಕೋಶದ ಮೇಲೆ ಹೊರೆ ಹೊರಿಸಿದಂತೆ. ದುಂದುಗಾರಿಕೆಯನ್ನು ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಖಂಡಿಸಿದೆಯೆಂಬುದು ನಮಗೆಲ್ಲ ತಿಳಿದಿದೆ. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ದುರಸ್ತಿ ಮಾಡುವ ಕೈ ಗೌರವದ ಕೈ.

ಚಾಮರಾಜಪೇಟೆಯ ಓಣಿಯೊಂದರಲ್ಲಿ ಅಂತಹ ಕೈಯುಳ್ಳ ಹಿರಿಯರೊಬ್ಬರನ್ನು ನಾನು ಬಲ್ಲೆ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಗುಜರಿ ಗಾಡಿಯವನೊಬ್ಬನು ಅವರಿಗೆ ಒಂದು ಹಳೆಯ 486 ಕಂಪ್ಯೂಟರನ್ನು ಕಿಲೋ ಲೆಕ್ಕದಲ್ಲಿ ಮಾರಿದನು. ಆ ಕಾಲದ ಮದರ್‌ಬೋರ್ಡುಗಳ ಮೇಲೆ ಗಡಿಯಾರವನ್ನು ನಡೆಸಲು ಒಂದು ಸಣ್ಣ ಬ್ಯಾಟರಿಯನ್ನು ಬೆಸೆದಿರುತ್ತಾರೆ. ವರ್ಷಗಳು ಕಳೆದಂತೆ ಅದು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಈ ಯಂತ್ರಕ್ಕೂ ಅದೇ ಗತಿಯಾಗಿತ್ತು. ಉಸ್ತಾದರು ಬ್ಯಾಟರಿಯನ್ನು ಕತ್ತರಿಸಿ ತೆಗೆದರು. ಸೋರಿದ ಕ್ಷಾರವನ್ನು ವಿನೆಗರ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು, ಸ್ಪಿರಿಟ್‌ನಿಂದ ತೊಳೆದು ಒಣಗಿಸಿದರು. ತುಂಡಾದ ಗೆರೆಗಳನ್ನು ಕೂದಲಿನಷ್ಟು ತೆಳ್ಳಗಿನ ತಂತಿಯಿಂದ ಜೋಡಿಸಿದರು. ಮೂರನೆಯ ದಿನ ಯಂತ್ರ ಎದ್ದಿತು. ಅದರ ಹಾರ್ಡ್ ಡಿಸ್ಕ್ ಕೂಡ ತಿರುಗಿತು.

ಕೆಲಸ ಕಲಿಯುತ್ತಿದ್ದ ಹುಡುಗನು ಕಡತಗಳ ಪಟ್ಟಿಯನ್ನು ತೆರೆದನು. ಅಂದಿನ ಕಂಪ್ಯೂಟರ್‌ಗಳಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರಗಳ ಅವಕಾಶ. ಪರದೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ಹೆಸರುಗಳು ಸಾಲಾಗಿ ಮೂಡಿದವು: ಮದುವೆ, ಸಾಲ, ಅಮ್ಮ1, ಅಮ್ಮ2, ಅಮ್ಮ3.

"ಉಸ್ತಾದ್, ಒಂದನ್ನು ತೆರೆದು ನೋಡಲೇ? ಯಾರ ಮನೆಯದೆಂದು ತಿಳಿದರೆ ಹಿಂದಿರುಗಿಸಬಹುದಲ್ಲ" ಎಂದು ಹುಡುಗ ಕೇಳಿದನು.

"ನಿಲ್ಲು ಬೇಟಾ" ಎಂದರು ಉಸ್ತಾದರು. "ಗಾಡಿಯವನು ನಮಗೆ ಮಾರಿದ್ದು ಡಬ್ಬವನ್ನು. ಆ ಅಮ್ಮನ ಕಾಗದಗಳನ್ನು ಅವನು ಮಾರಿಲ್ಲ. ಅವು ಅವನದಾಗಿದ್ದರೆ ತಾನೇ ಮಾರುವುದು?"

ಓದುಗ ಸಹೋದರ ಸಹೋದರಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹುಡುಗನ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅವನ ವಾದವೂ ಬಲವಾದದ್ದೇ. ಬಿದ್ದು ಸಿಕ್ಕ ವಸ್ತುವಿನ ಒಡೆಯನನ್ನು ಹುಡುಕಬೇಕೆಂಬುದು ನಮ್ಮ ಧರ್ಮದ ಸ್ಪಷ್ಟ ಬೋಧನೆ. ಆದರೆ ಒಡೆಯನನ್ನು ಹುಡುಕಲು ಕಾಗದವನ್ನು ಓದಬೇಕು. ಇನ್ನೊಬ್ಬರ ಗುಟ್ಟನ್ನು ಕೆದಕಬಾರದೆಂಬುದೂ ಅಷ್ಟೇ ಸ್ಪಷ್ಟವಾದ ಕುರ್‌ಆನಿನ ಆದೇಶ. ಒಂದು ಕರ್ತವ್ಯವನ್ನು ನೆರವೇರಿಸಲು ಹೊರಟರೆ ಇನ್ನೊಂದು ಮುರಿಯುತ್ತದೆ. ಹಾಗಾದರೆ ಓದದೆ ಅಳಿಸಿಬಿಡೋಣವೆಂದರೆ, ಆ ಕಾಗದಗಳು ಯಾರದೋ ತಾಯಿಯ ಕೊನೆಯ ಗುರುತಾಗಿದ್ದರೆ? ಅಳಿಸಿದ್ದು ಮರಳಿ ಬಾರದು. ಓದಿದ್ದನ್ನೂ ಓದದಂತೆ ಮಾಡಲಾಗದು.

ಸಿಕ್ಕ ಹಣದ ಚೀಲದ ಬಗ್ಗೆ ವ್ಯಕ್ತಿಯೊಬ್ಬರು ಪ್ರವಾದಿವರ್ಯರಲ್ಲಿ(ಸ) ಕೇಳಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಚೀಲವನ್ನೂ ಅದರ ಕಟ್ಟನ್ನೂ ಗುರುತಿಟ್ಟುಕೊಂಡು ಒಂದು ವರ್ಷದವರೆಗೆ ಸಾರಬೇಕೆಂದು ಅವರು ತಿಳಿಸಿದರು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಗುರುತು ಹಿಡಿಯುವ ಕೆಲಸ ಹೊರಗಿನಿಂದ ಆರಂಭವಾಗುತ್ತದೆ. ಚೀಲ ಮತ್ತು ಕಟ್ಟು, ಇವೆರಡೂ ವಸ್ತುವಿನ ಹೊರಮೈ. ಹಳೆಯ ಕಂಪ್ಯೂಟರಿಗೂ ಅಂತಹ ಹೊರಮೈಯಿದೆ: ಕ್ಯಾಬಿನೆಟ್ಟಿನ ಮೇಲಿನ ಚೀಟಿ, ಹಿಂದೊಮ್ಮೆ ದುರಸ್ತಿ ಮಾಡಿದವನ ಸ್ಟಿಕ್ಕರ್, ತಂದು ಮಾರಿದ ಗಾಡಿಯವನ ನೆನಪು, ಹೆಚ್ಚೆಂದರೆ ಕಡತಗಳ ಹೆಸರು. ಅಲ್ಲಿಯವರೆಗೆ ಹೋಗಬಹುದು, ಅದರಾಚೆ ಬೇಡ ಎಂದು ನನಗೆ ತೋರುತ್ತದೆ. ಇದು ಫತ್ವಾ ಅಲ್ಲ, ವಿದ್ವಾಂಸರು ಇದಕ್ಕಿಂತ ಚೆನ್ನಾಗಿ ಹೇಳಬಲ್ಲರು. ಸಾಮಾನ್ಯನೊಬ್ಬನ ಆತ್ಮಸಾಕ್ಷಿಗೆ ಕಂಡ ದಾರಿ ಇದು.

ಉಸ್ತಾದರೂ ಅದನ್ನೇ ಮಾಡಿದರು. ಗಾಡಿಯವನನ್ನು ಹುಡುಕಿ ಕೇಳಿದಾಗ ಯಂತ್ರವು ಬಸವನಗುಡಿಯ ಹಳೆಯ ಮನೆಯೊಂದರದೆಂದು ತಿಳಿಯಿತು. ಹುಡುಗ ಹೋಗಿ ನೋಡುವಾಗ ಮನೆ ನೆಲಸಮವಾಗಿತ್ತು. ಮನೆಯ ಯಜಮಾನರು ತೀರಿಕೊಂಡ ಮೇಲೆ ಕೆಡವುವ ಗುತ್ತಿಗೆದಾರನೇ ಒಳಗಿನ ಸಾಮಾನನ್ನೆಲ್ಲ ಮಾರಿದ್ದನು. ಮಕ್ಕಳು ಎಲ್ಲಿದ್ದಾರೆಂದು ಅಕ್ಕಪಕ್ಕದವರಿಗೆ ತಿಳಿದಿರಲಿಲ್ಲ. ಹುಡುಗ ಅಂಗಡಿಯ ವಿಳಾಸವನ್ನು ಚೀಟಿಯಲ್ಲಿ ಬರೆದು ನೆರೆಮನೆಯಲ್ಲಿ ಕೊಟ್ಟು ಬಂದನು.

ಸಾಧಾರಣವಾಗಿ ಉಸ್ತಾದರು ತಮ್ಮಲ್ಲಿಗೆ ಬರುವ ಡಿಸ್ಕುಗಳನ್ನು ಅದೇ ದಿನ ಪೂರ್ತಿಯಾಗಿ ಅಳಿಸುತ್ತಾರೆ. ತಿಳಿದೂ ತಿಳಿದೇ ಕೊಟ್ಟವನಿಗೆ ಅದರಲ್ಲಿರುವುದು ಬೇಡವಾಗಿದೆ, ಇತರರು ನೋಡುವುದು ಇನ್ನೂ ಬೇಡವಾಗಿದೆ. ಆದರೆ ಇದು ಹಾಗಲ್ಲ. ಇದನ್ನು ಎಸೆದವನಿಗೆ ಎಸೆಯುವ ಹಕ್ಕಿರಲಿಲ್ಲ, ಹಕ್ಕಿದ್ದವರಿಗೆ ಎಸೆದದ್ದೇ ತಿಳಿದಿರಲಿಕ್ಕಿಲ್ಲ. ಆದ್ದರಿಂದ ಅವರು ಆ ಡಿಸ್ಕನ್ನು ಕಳಚಿ, ಅದರ ಜಾಗದಲ್ಲಿ ಒಂದು ಮೆಮೊರಿ ಕಾರ್ಡನ್ನು ಜೋಡಿಸಿ ಯಂತ್ರವನ್ನು ಸಿದ್ಧಗೊಳಿಸಿದರು. ಹಳೆಯ ಯಂತ್ರಗಳನ್ನು ಪ್ರೀತಿಯಿಂದ ಸಂಗ್ರಹಿಸುವವರೊಬ್ಬರು ಅದನ್ನು ಕೊಂಡರು. ತುಂಡಾದ ಗೆರೆಗಳನ್ನು ಜೋಡಿಸಿದ ಜಾಗವನ್ನು ಅವರಿಗೆ ಮೊದಲೇ ತೋರಿಸಿ, ನಂತರವೇ ಬೆಲೆ ಹೇಳಲಾಯಿತು. ಮೇಲೆ ಒಣಗಿದ, ಒಳಗೆ ಒದ್ದೆಯಾದ ಧಾನ್ಯದ ರಾಶಿಯನ್ನು ಮಾರುತ್ತಿದ್ದವನನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಬಲ್ಲ ವ್ಯಾಪಾರಿ ಇದಕ್ಕಿಂತ ಕಡಿಮೆ ಮಾಡಲಾರನು.

ಡಿಸ್ಕ್ ಮಾತ್ರ ಒಂದು ತಗಡಿನ ಡಬ್ಬಿಯಲ್ಲಿ, ಮೇಲೆ ತಾರೀಕು ಬರೆದ ಚೀಟಿಯೊಂದಿಗೆ ಅಂಗಡಿಯ ಕಪಾಟಿನಲ್ಲಿ ಉಳಿಯಿತು. ವರ್ಷ ಕಳೆಯಿತು, ಯಾರೂ ಬರಲಿಲ್ಲ. ಹಣವಾಗಿದ್ದರೆ ಬಳಸಿಕೊಂಡು, ಒಡೆಯ ಬಂದಾಗ ಅಷ್ಟನ್ನೇ ಹಿಂದಿರುಗಿಸಬಹುದಿತ್ತು. ಗುಟ್ಟಿಗೆ ಅಂತಹ ಬದಲಿಯಿಲ್ಲ. "ನನ್ನ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಉಸ್ತಾದರು ಯೋಚಿಸಿದರು. ತಮ್ಮ ಮೇಲಿರುವ ಸಾಲಗಳನ್ನು ಬರೆದಿಡುವ ವಸಿಯ್ಯತ್ತಿನಲ್ಲಿ ಒಂದು ಸಾಲನ್ನು ಸೇರಿಸಿದರು: ತಾನು ಬದುಕಿರುವವರೆಗೆ ಒಡೆಯರು ಬಾರದಿದ್ದರೆ ಈ ಡಿಸ್ಕನ್ನು ತೆರೆಯದೆಯೇ ಒಡೆದುಹಾಕಬೇಕು. ಬಾಕಿ ಇರುವ ಹಣದಷ್ಟೇ ಬಾಕಿ ಇರುವ ಗುಟ್ಟೂ ಒಂದು ಋಣವೆಂದು ಅವರು ಭಾವಿಸಿದ್ದರು.

ಇಷ್ಟೆಲ್ಲ ಭಾರ ಆ ಮುದುಕರ ಹೆಗಲಿಗೆ ಏಕೆ ಬಿತ್ತು? ಒಂದು ಮನೆಯವರು ತಮ್ಮ ಯಂತ್ರದ ಬಗ್ಗೆ ಮೊದಲೇ ಯೋಚಿಸಿರಲಿಲ್ಲ, ಅದಕ್ಕಾಗಿ. ನಮ್ಮ ಮನೆಗಳ ಅಟ್ಟದ ಮೇಲೆಯೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಯಾವ ದೋಷವೂ ಇಲ್ಲದ ಅನೇಕ ಯಂತ್ರಗಳೂ ಆ ಸಾಲಿಗೆ ಸೇರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಉಚಿತವಾದ ಲಿನಕ್ಸ್ ಹಾಕಿದರೆ ಮಕ್ಕಳ ಓದಿಗೆ ಇನ್ನೂ ವರ್ಷಗಟ್ಟಲೆ ಒದಗಬಲ್ಲವು. ಕೊಡುವುದಾದರೆ ಮೊದಲು ಬೇಕಾದುದನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳಿ. ಆಮೇಲೆ ಡಿಸ್ಕನ್ನು ಅಳಿಸಿ. ಕಡತವನ್ನು ‘ಡಿಲೀಟ್’ ಮಾಡಿದರೆ ಅದು ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರನ್ನು ಹೊಡೆದುಹಾಕಿದಂತೆ ಅಷ್ಟೇ, ಪುಟಗಳು ಒಳಗೆ ಹಾಗೆಯೇ ಇರುತ್ತವೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಪೂರ್ತಿ ಜಾಗದ ಮೇಲೆ ಬೇರೇನನ್ನಾದರೂ ಬರೆದಾಗಲೇ ಹಳೆಯದು ಅಳಿಯುವುದು. ಇದನ್ನು ಮಾಡುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಬಲ್ಲವರಲ್ಲಿ ಕೇಳಿದರೆ ಮಾಡಿಕೊಡುತ್ತಾರೆ.

ಯಂತ್ರವನ್ನು ಯಾರಿಗಾದರೂ ಕೊಡಬಹುದು, ಮಾರಬಹುದು. ಅದರೊಳಗಿನ ತಾಯಿಯ ಕಾಗದಕ್ಕೂ ತಂದೆಯ ಸಾಲದ ಲೆಕ್ಕಕ್ಕೂ ನಾವೇ ಹೊಣೆಗಾರರು. ಇತರರದು ನಮ್ಮ ಕೈಗೆ ಬಂದರೆ ಅದಕ್ಕೂ ಹೊಣೆಗಾರರೇ. ಯಾರೂ ನೋಡದ ಕತ್ತಲ ಅಂಗಡಿಯಲ್ಲಿ ಒಂದು ಗುಂಡಿಯನ್ನು ಒತ್ತದೆ ಬಿಟ್ಟ ಆ ಕೈಯನ್ನು ನೋಡುವವನೊಬ್ಬನಿದ್ದಾನೆ. ಅಲ್ಲಾಹನು ನಮ್ಮನ್ನು ಅಮಾನತ್ತನ್ನು ಕಾಯುವವರ ಸಾಲಿಗೆ ಸೇರಿಸಲಿ.